ದಂತ ಚಿಕಿತ್ಸಾಲಯದಲ್ಲಿ ದುಡಿಯುವವರ ಆರೋಗ್ಯ: ಯಾರ ಲೆಕ್ಕಕ್ಕೂ ಬಾರದ ಅಪಾಯ

2025ರ ನವೆಂಬರ್ ಮೊದಲ ವಾರ ಜಿನೀವಾದಲ್ಲಿ ನಡೆದ ಮಿನಮಾಟ ಒಪ್ಪಂದದ ಆರನೆಯ ಸಮ್ಮೇಳನ ಒಂದು ಮಹತ್ವದ ತೀರ್ಮಾನ ಕೈಗೊಂಡಿತು. ಹುಳುಕು ಹಲ್ಲಿಗೆ ತುಂಬುವ, ಪಾದರಸ ಬೆರೆತ ಅಮಾಲ್ಗಮ್ ಬಳಕೆಯನ್ನು 2034ರ ವೇಳೆಗೆ ಕೊನೆಗಾಣಿಸಬೇಕೆಂದು ಸದಸ್ಯ ರಾಷ್ಟ್ರಗಳು ಒಪ್ಪಿಕೊಂಡವು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಕೋಟ್ಯಂತರ ಬಾಯಿಗಳಲ್ಲಿ 'ಬೆಳ್ಳಿ ಸಿಮೆಂಟ್' ಎಂಬ ಹೆಸರಿನಿಂದ ಕುಳಿತಿದ್ದ ವಸ್ತುವಿಗೆ ಹೀಗೆ ಕೊನೆಯ ದಿನ ಗೊತ್ತಾಯಿತು. ಇದು ಸ್ವಾಗತಾರ್ಹ ನಿರ್ಧಾರ.

ಆದರೆ ಈ ಚರ್ಚೆಯಲ್ಲಿ ಬಹುಮಟ್ಟಿಗೆ ಕೇಳಿಬಂದದ್ದು ಎರಡೇ ವಿಷಯ. ಒಂದು, ಹಲ್ಲು ತುಂಬಿಸಿಕೊಂಡ ರೋಗಿಯ ಕ್ಷೇಮ. ಇನ್ನೊಂದು, ಪರಿಸರದ ಕ್ಷೇಮ. ಎರಡೂ ಮುಖ್ಯವೇ. ಆದರೆ ರೋಗಿ ಆ ಕುರ್ಚಿಯಲ್ಲಿ ಕೂರುವುದು ವರ್ಷಕ್ಕೆ ಒಂದೋ ಎರಡೋ ಬಾರಿ, ಅದೂ ಅರ್ಧ ಗಂಟೆ. ಅದೇ ಕೋಣೆಯಲ್ಲಿ ಬೆಳಿಗ್ಗೆಯಿಂದ ಸಂಜೆಯ ತನಕ, ವಾರಕ್ಕೆ ಆರು ದಿನ, ಹತ್ತಾರು ವರ್ಷ ನಿಲ್ಲುವವರು ಬೇರೆ ಇದ್ದಾರೆ. ಡಾಕ್ಟರರ ಪಕ್ಕದಲ್ಲಿ ನಿಂತು ಸಿಮೆಂಟ್ ಕಲಸಿಕೊಡುವ, ಉಪಕರಣ ತೊಳೆಯುವ, ನೆಲ ಒರೆಸುವ ಸಹಾಯಕಿಯರು. ಹಿಂದಿನ ಕೋಣೆಯಲ್ಲೋ ಬೇರೊಂದು ಬೀದಿಯ ಸಣ್ಣ ಲ್ಯಾಬಿನಲ್ಲೋ ಹಲ್ಲಿನ ಸೆಟ್ಟು ತಯಾರಿಸಿ ಉಜ್ಜುವ ತಂತ್ರಜ್ಞರು. ಮತ್ತು ಸ್ವತಃ ದಂತವೈದ್ಯರು. ಇವರ ಶ್ವಾಸಕ್ಕೆ, ಚರ್ಮಕ್ಕೆ, ನರಗಳಿಗೆ ಏನಾಗುತ್ತಿದೆ ಎಂದು ಕೇಳುವವರು ವಿರಳ.

ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಲ್ಲಿ ಹಲವು ದಂತವೈದ್ಯಕೀಯ ಕಾಲೇಜುಗಳಿವೆ. ಪೇಟೆಯ ಪ್ರತಿ ರಸ್ತೆಯಲ್ಲೂ ದಂತ ಚಿಕಿತ್ಸಾಲಯವಿದೆ. ಪಿ.ಯು.ಸಿ. ಮುಗಿಸಿ ಕೆಲಸ ಹುಡುಕುವ ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಇಲ್ಲಿ ಸಹಾಯಕಿಯರಾಗಿ ಸೇರುತ್ತಾರೆ. ಆದ್ದರಿಂದ ಇದು ದೂರದ ಜಿನೀವಾದ ಸುದ್ದಿ ಮಾತ್ರವಲ್ಲ. ನಮ್ಮ ವಾರ್ಡುಗಳ ಮನೆಗಳಿಗೆ ಸಂಬಂಧಿಸಿದ ವಿಷಯ.

ಪಾದರಸದ ಗುಣ

ಅಮಾಲ್ಗಮ್‌ನಲ್ಲಿ ಸರಿಸುಮಾರು ಅರ್ಧ ಭಾಗ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರ. ಪಾದರಸ ಸಾಮಾನ್ಯ ಉಷ್ಣತೆಯಲ್ಲೇ ದ್ರವವಾಗಿರುವ ಲೋಹ. ಅದು ತೆರೆದಿಟ್ಟಲ್ಲಿ ಸದ್ದಿಲ್ಲದೆ ಆವಿಯಾಗುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನ ಜೊತೆ ಒಳಗೆ ಹೋದ ಪಾದರಸದ ಆವಿಯಲ್ಲಿ ಶೇಕಡಾ 80ರಷ್ಟು ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಮಿದುಳಿಗೂ ಮೂತ್ರಪಿಂಡಗಳಿಗೂ ತಲುಪುತ್ತದೆ. ಗರ್ಭಿಣಿಯಾದರೆ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ.

ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ಉಸಿರಾಡಿದವರಿಗೆ ಕೈ ನಡುಕ, ನಿದ್ರಾಹೀನತೆ, ಮರೆವು, ಕಾರಣವಿಲ್ಲದ ಸಿಟ್ಟು, ಒಸಡಿನ ಊತ ಕಾಣಿಸಿಕೊಳ್ಳಬಹುದು. ಇದರ ಕಷ್ಟವಿರುವುದು ಇಲ್ಲೇ. ನಲವತ್ತು ದಾಟಿದ ಹೆಂಗಸೊಬ್ಬಳು ನಿದ್ದೆ ಬರುವುದಿಲ್ಲ, ಮರೆವು ಜಾಸ್ತಿಯಾಗಿದೆ, ಸುಮ್ಮಸುಮ್ಮನೆ ಕೋಪ ಬರುತ್ತದೆ ಎಂದರೆ ನಾವೆಲ್ಲ ಏನೆನ್ನುತ್ತೇವೆ? ವಯಸ್ಸು ಎನ್ನುತ್ತೇವೆ, ಮನೆಯ ಚಿಂತೆ ಎನ್ನುತ್ತೇವೆ. ಅವಳು ಏನು ಕೆಲಸ ಮಾಡುತ್ತಾಳೆ ಎಂದು ಕೇಳುವುದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಬಾಯಲ್ಲಿ ಹಳೆಯ ಬೆಳ್ಳಿ ಸಿಮೆಂಟ್ ಇರುವವರು ಗಾಬರಿಗೊಂಡು ನಾಳೆಯೇ ಅದನ್ನು ತೆಗೆಸಲು ಓಡಬೇಕಾಗಿಲ್ಲ. ಗಟ್ಟಿಯಾಗಿರುವ ಅಮಾಲ್ಗಮ್ ಅನ್ನು ಅಗತ್ಯವಿಲ್ಲದೆ ಕೀಳಿಸಬಾರದು ಎಂದೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ನರ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರಿಗೆ ಹೊಸದಾಗಿ ಹಾಕುವುದು ಬೇಡ ಎಂದೂ ಸಲಹೆ ನೀಡಿತು. ಡ್ರಿಲ್ ಹಾಕಿ ತೆಗೆಯುವಾಗಲೇ ಆವಿಯೂ ಧೂಳೂ ಹೆಚ್ಚು ಏಳುತ್ತದೆ. ಅದನ್ನು ಮೊದಲು ಉಸಿರಾಡುವವರು ಕುರ್ಚಿಯ ಸುತ್ತ ಇರುವವರು.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. 2034ರಲ್ಲಿ ಹೊಸ ಅಮಾಲ್ಗಮ್ ನಿಂತರೂ ಅದಕ್ಕೆ ಮುಂಚೆ ತುಂಬಿದ ಹಲ್ಲುಗಳು ಜನರ ಬಾಯಲ್ಲಿ ಇನ್ನೂ ಹತ್ತಿಪ್ಪತ್ತು ವರ್ಷ ಉಳಿಯುತ್ತವೆ. ಅವು ಸಡಿಲವಾದಾಗ, ಒಡೆದಾಗ ಯಾರಾದರೂ ಕೊರೆದು ತೆಗೆಯಲೇಬೇಕು. ಅಂದರೆ ಇಂದು ಕೆಲಸಕ್ಕೆ ಸೇರುವ ಇಪ್ಪತ್ತರ ಹುಡುಗಿ ತನ್ನ ದುಡಿಮೆಯ ಹೆಚ್ಚಿನ ಕಾಲ ಈ ಲೋಹದ ಜೊತೆಗೇ ಕಳೆಯುವ ಸಾಧ್ಯತೆಯಿದೆ.

ಕಲಸಿಕೊಟ್ಟವರ ಕಥೆ

ಹಿಂದಿನ ಕಾಲದಲ್ಲಿ ಅಮಾಲ್ಗಮ್ ತಯಾರಿಸುತ್ತಿದ್ದ ಕ್ರಮ ಹೀಗಿತ್ತು. ಬಾಟಲಿಯಿಂದ ಪಾದರಸ ಸುರಿದು, ಲೋಹದ ಪುಡಿ ಸೇರಿಸಿ ಸಣ್ಣ ಕಲ್ಬತ್ತಿನಲ್ಲಿ ಅರೆಯುತ್ತಿದ್ದರು. ಹೆಚ್ಚಾದ ಪಾದರಸವನ್ನು ಬಟ್ಟೆಯಲ್ಲಿಟ್ಟು ಹಿಂಡುತ್ತಿದ್ದರು. ಅಂಗೈಯಲ್ಲಿಟ್ಟು ಬೆರಳಿನಿಂದ ತಿಕ್ಕಿ ಹದ ಮಾಡುವುದೂ ಇತ್ತು. ಈ ಕೆಲಸ ಬಹುತೇಕ ಸಹಾಯಕಿಯರದ್ದೇ. ಕೈಜಾರಿ ಬಿದ್ದ ಹನಿಗಳು ನೆಲದ ಬಿರುಕು ಸೇರಿ ವರ್ಷಗಟ್ಟಲೆ ಆವಿ ಬಿಡುತ್ತಿದ್ದವು.

ನಾರ್ವೆ ದೇಶದಲ್ಲಿ ಇನ್ನೂ ಒಂದು ಕ್ರಮವಿತ್ತು. ತಾಮ್ರದ ಅಮಾಲ್ಗಮ್ ಎಂಬ ಗುಳಿಗೆಯನ್ನು ಸಣ್ಣ ಚಮಚದಲ್ಲಿಟ್ಟು, ಪಾದರಸದ ಹನಿಗಳು ಹೊರಬರುವ ತನಕ ಬೆಂಕಿಯ ಮೇಲೆ ಕಾಯಿಸಿ, ಆಮೇಲೆ ಅರೆಯಬೇಕಾಗಿತ್ತು. ಬೆಂಕಿಯ ಮುಂದೆ ಬಗ್ಗಿ ನಿಂತವಳು ಸಹಾಯಕಿ. ದಶಕಗಳ ನಂತರ ಆ ಹೆಂಗಸರು ತಮ್ಮ ನರಗಳ ತೊಂದರೆ, ಮರೆವು, ಆಯಾಸದ ಬಗ್ಗೆ ಹೇಳತೊಡಗಿದರು. ಬೆರ್ಗೆನ್ ನಗರದ ಸಂಶೋಧಕರು ಇಂಥ ದಂತ ಸಹಾಯಕಿಯರನ್ನು ಆಸ್ಪತ್ರೆಯ ಸಹಾಯಕ ದಾದಿಯರೊಂದಿಗೆ ಹೋಲಿಸಿ 2008ರಲ್ಲಿ ವರದಿ ಪ್ರಕಟಿಸಿದರು. ನರಸಂಬಂಧಿ ಲಕ್ಷಣಗಳನ್ನು ಹೆಚ್ಚಾಗಿ ಹೇಳಿಕೊಂಡವರು ದಂತ ಸಹಾಯಕಿಯರೇ. ಅದೇ ವರ್ಷ ನಾರ್ವೆ ಪಾದರಸದ ಬಳಕೆಯನ್ನು ನಿಷೇಧಿಸಿತು. ಆ ವೇಳೆಗೆ ಅವರ ದುಡಿಮೆಯ ದಿನಗಳು ಮುಗಿದಿದ್ದವು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಅದರ ಫಲಿತಾಂಶ ನಾವೆಲ್ಲ ಗಮನವಿಟ್ಟು ಓದಬೇಕಾದದ್ದು. ವಾರಕ್ಕೆ 30ಕ್ಕಿಂತ ಹೆಚ್ಚು ಅಮಾಲ್ಗಮ್ ತಯಾರಿಸುತ್ತಿದ್ದ ಮತ್ತು ಸ್ವಚ್ಛತೆಯ ಕ್ರಮಗಳು ಕೆಟ್ಟದಾಗಿದ್ದ ಚಿಕಿತ್ಸಾಲಯಗಳ ಸಹಾಯಕಿಯರಲ್ಲಿ ಪ್ರತಿ ಋತುಚಕ್ರದಲ್ಲಿ ಗರ್ಭ ಧರಿಸುವ ಸಾಧ್ಯತೆ, ಪಾದರಸ ಮುಟ್ಟದವರಿಗೆ ಹೋಲಿಸಿದರೆ ಶೇಕಡಾ 63ರಷ್ಟು ಮಾತ್ರ ಇತ್ತು. ಆದರೆ ಕಡಿಮೆ ಪ್ರಮಾಣದಲ್ಲಿ ಒಡ್ಡಿಕೊಂಡವರಲ್ಲಿ ಇಂಥ ಇಳಿಕೆ ಕಂಡುಬರಲಿಲ್ಲ.

ಇದರ ಅರ್ಥವೇನು? ಪಾದರಸ ಇರುವ ಕೋಣೆಗೆ ಕಾಲಿಟ್ಟವರೆಲ್ಲ ಕಾಯಿಲೆ ಬೀಳುತ್ತಾರೆಂದಲ್ಲ. ಎಷ್ಟು ಬಳಸುತ್ತಾರೆ, ಹೇಗೆ ಬಳಸುತ್ತಾರೆ, ಚೆಲ್ಲಿದ್ದನ್ನು ಹೇಗೆ ತೆಗೆಯುತ್ತಾರೆ ಎಂಬುದೇ ನಿರ್ಣಾಯಕ. ಅಳತೆ ಮಾಡಿ ಮುಚ್ಚಿದ ಕ್ಯಾಪ್ಸೂಲ್‌ಗಳು ಬಂದ ಮೇಲೆ, ಅಮಾಲ್ಗಮ್ ಬಳಕೆಯೂ ಇಳಿದ ಮೇಲೆ, ಅಮೆರಿಕದ ದಂತವೈದ್ಯರ ಮೂತ್ರದಲ್ಲಿ ಕಂಡುಬರುವ ಪಾದರಸದ ಪ್ರಮಾಣ 1970ರ ದಶಕಕ್ಕಿಂತ ಬಹಳಷ್ಟು ಕಡಿಮೆಯಾಗಿದೆ. ಎಚ್ಚರಿಕೆ ಫಲ ಕೊಡುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಹಾಗಿರುವಾಗ ಎಚ್ಚರಿಕೆ ವಹಿಸದಿರಲು ನಮಗೆ ನೆಪವಿಲ್ಲ.

ಲ್ಯಾಬಿನ ಧೂಳು

ಪಾದರಸದ ಮಾತಾದರೂ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಹಲ್ಲಿನ ಲ್ಯಾಬಿನ ಧೂಳಿನ ಮಾತು ಅಷ್ಟೂ ಬರುವುದಿಲ್ಲ.

ಹಲ್ಲಿನ ಸೆಟ್ಟು, ಲೋಹದ ಟೊಪ್ಪಿ, ಪಿಂಗಾಣಿ ಹಲ್ಲುಗಳನ್ನು ತಯಾರಿಸುವುದು ನಾಜೂಕಿನ ಕೈಕೆಲಸ. ಲೋಹ ಕರಗಿಸಿ ಹೊಯ್ಯುವ ಅಚ್ಚಿನ ಪುಡಿಯಲ್ಲಿ ಸಿಲಿಕಾ ಇರುತ್ತದೆ. ಅಚ್ಚು ಒಡೆಯುವಾಗ, ಮರಳು ಊದಿ ಲೋಹ ಶುಚಿಗೊಳಿಸುವಾಗ, ಪಿಂಗಾಣಿ ಉಜ್ಜುವಾಗ ಸೂಕ್ಷ್ಮ ಧೂಳು ಏಳುತ್ತದೆ. ಕಣ್ಣಿಗೆ ಕಾಣುವ ದಪ್ಪ ಧೂಳನ್ನು ಮೂಗು ತಡೆಯುತ್ತದೆ. ಕಾಣದಷ್ಟು ಸಣ್ಣದು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಅದರ ಸುತ್ತ ಗಾಯದ ಗುರುತಿನಂಥ ಗಡಸು ಅಂಗಾಂಶ ಬೆಳೆಯುತ್ತದೆ. ಕಲ್ಲುಕೋರೆಯವರಿಗೆ ಬರುವ ಸಿಲಿಕೋಸಿಸ್ ಎಂಬ ಕಾಯಿಲೆ ಇದೇ. ಇದಕ್ಕೆ ಗುಣಪಡಿಸುವ ಔಷಧವಿಲ್ಲ. ಸಿಲಿಕೋಸಿಸ್ ಇದ್ದವರಿಗೆ ಕ್ಷಯರೋಗ ತಗಲುವ ಅಪಾಯವೂ ಹೆಚ್ಚು.

ಅಮೆರಿಕದ ಐದು ರಾಜ್ಯಗಳಲ್ಲಿ 1994ರಿಂದ 2000ದ ನಡುವೆ ಹಲ್ಲಿನ ಲ್ಯಾಬುಗಳಲ್ಲಿ ದುಡಿದ ಒಂಬತ್ತು ಮಂದಿಗೆ ಸಿಲಿಕೋಸಿಸ್ ಇರುವುದು ದೃಢಪಟ್ಟಿತೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2004ರಲ್ಲಿ ವರದಿ ಮಾಡಿತು. ಅದಕ್ಕೂ ಮೊದಲು, 2002ರಲ್ಲಿ, ಆ ದೇಶದ ಕಾರ್ಮಿಕ ಸುರಕ್ಷತಾ ಇಲಾಖೆ ಇನ್ನೊಂದು ಎಚ್ಚರಿಕೆ ನೀಡಿತ್ತು. ಕೆಲವು ನಿಕಲ್-ಕ್ರೋಮಿಯಂ ಮಿಶ್ರಲೋಹಗಳಲ್ಲಿ ಬೆರಿಲಿಯಂ ಇರುತ್ತದೆ. ಅದನ್ನು ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು ಎಂಬುದು ಆ ಎಚ್ಚರಿಕೆ.

2018ರ ಮಾರ್ಚ್‌ನಲ್ಲಿ ಅದೇ ಕೇಂದ್ರ ಪ್ರಕಟಿಸಿದ ಮತ್ತೊಂದು ವರದಿ ದಂತವೈದ್ಯರನ್ನೇ ಬೆಚ್ಚಿಬೀಳಿಸಿತು. ವರ್ಜೀನಿಯಾ ರಾಜ್ಯದ ಒಂದು ಆಸ್ಪತ್ರೆಯಲ್ಲಿ ಶ್ವಾಸಕೋಶ ಗಡಸುಗಟ್ಟುವ, ಕಾರಣ ತಿಳಿಯದ ಮಾರಕ ಕಾಯಿಲೆಗೆ ಚಿಕಿತ್ಸೆ ಪಡೆದ 894 ರೋಗಿಗಳ ದಾಖಲೆ ಪರಿಶೀಲಿಸಿದಾಗ, ಅವರಲ್ಲಿ ಎಂಟು ಮಂದಿ ದಂತವೈದ್ಯರು, ಒಬ್ಬರು ದಂತ ತಂತ್ರಜ್ಞರು ಎಂದು ತಿಳಿಯಿತು. ಒಂಬತ್ತರಲ್ಲಿ ಏಳು ಮಂದಿ ತೀರಿಕೊಂಡಿದ್ದರು. ಸಮಾಜದಲ್ಲಿ ಅವರ ವೃತ್ತಿಯವರು ಇರುವ ಪ್ರಮಾಣಕ್ಕೆ ಹೋಲಿಸಿದರೆ ಇದು ಸುಮಾರು 23 ಪಟ್ಟು ಹೆಚ್ಚು. ಬದುಕುಳಿದವರಲ್ಲಿ ಒಬ್ಬರು ತಾವು ಮುಖಕ್ಕೆ ರಕ್ಷಣೆಯಿಲ್ಲದೆ ಹಲ್ಲಿನ ಸಾಧನಗಳನ್ನು ಉಜ್ಜುತ್ತಿದ್ದುದಾಗಿ, ಅಮಾಲ್ಗಮ್ ಮತ್ತು ಅಚ್ಚುಗಳನ್ನು ತಯಾರಿಸುತ್ತಿದ್ದುದಾಗಿ ತಿಳಿಸಿದರು. ಕೆಲಸವೇ ಕಾರಣವೆಂದು ಆ ವರದಿ ತೀರ್ಪು ಕೊಡಲಿಲ್ಲ. ಆದರೆ ಸಂಶಯ ಪಡಲು ಸಾಕಷ್ಟು ಆಧಾರವಿದೆ ಎಂದು ಹೇಳಿತು.

ನಮ್ಮ ಊರಿನ ಹೆಚ್ಚಿನ ಲ್ಯಾಬುಗಳು ಒಂದೆರಡು ಕೋಣೆಯವು. ಅಂಥ ಕೋಣೆಯ ಕಿಟಕಿಯನ್ನು ರಸ್ತೆಯ ಧೂಳಿಗೆ ಹೆದರಿ ಮುಚ್ಚಿ, ಫ್ಯಾನ್ ಹಾಕಿ ಕೆಲಸ ಮಾಡಿದರೆ ಆ ಫ್ಯಾನು ಧೂಳನ್ನು ಹೊರಗೆ ಹಾಕುವುದಿಲ್ಲ; ಕೋಣೆಯ ತುಂಬ ಸುತ್ತಿಸುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫು ಅಥವಾ ತೆಳು ಬಟ್ಟೆಯ ಮಾಸ್ಕು ಸಿಲಿಕಾ ಧೂಳನ್ನು ತಡೆಯಲಾರದು.

ಬದಲಿ ವಸ್ತುವಿಗೂ ಎಚ್ಚರಿಕೆ ಬೇಕು

ಅಮಾಲ್ಗಮ್ ಹೋದರೆ ಎಲ್ಲವೂ ಸರಿಯಾಗುತ್ತದೆ ಎಂದು ಭಾವಿಸುವುದು ತಪ್ಪು. ಅದರ ಜಾಗಕ್ಕೆ ಬಂದಿರುವ ಹಲ್ಲಿನ ಬಣ್ಣದ ಕಾಂಪೊಸಿಟ್, ಹಲ್ಲಿಗೆ ಹಚ್ಚುವ ಅಂಟು, ಸೆಟ್ಟಿನ ಅಕ್ರಿಲಿಕ್ ಇವೆಲ್ಲವುಗಳಲ್ಲಿ ಮೆಥಾಕ್ರಿಲೇಟ್ ಎಂಬ ರಾಸಾಯನಿಕಗಳಿವೆ. ಗಟ್ಟಿಯಾಗುವ ಮೊದಲು ಇವು ಚರ್ಮಕ್ಕೆ ತಾಗಿದರೆ ಕೆಲವರಿಗೆ ಅಲರ್ಜಿ ಉಂಟಾಗುತ್ತದೆ. ಬೆರಳ ತುದಿ ಕೆಂಪಾಗುವುದು, ತುರಿಸುವುದು, ಚರ್ಮ ಬಿರಿಯುವುದು ಇದರ ಲಕ್ಷಣ. ಒಮ್ಮೆ ಅಲರ್ಜಿ ಹಿಡಿದರೆ ಅದು ಜೀವನಪರ್ಯಂತ ಉಳಿಯುವುದೇ ಹೆಚ್ಚು. ಮಾಮೂಲಿ ರಬ್ಬರ್ ಗ್ಲೌಸ್ ಹಾಕಿದ್ದೇವೆ ಎಂಬ ಧೈರ್ಯವೂ ಸಲ್ಲದು. ಈ ರಾಸಾಯನಿಕಗಳು ಕೆಲವೇ ನಿಮಿಷಗಳಲ್ಲಿ ಅದನ್ನು ದಾಟಿ ಒಳಗೆ ಬರುತ್ತವೆ. ಆದ್ದರಿಂದ ಬರಿ ಕೈಯಲ್ಲಿರಲಿ, ಗ್ಲೌಸ್ ಹಾಕಿದ ಕೈಯಲ್ಲೂ ಅವನ್ನು ಮುಟ್ಟದೆ ಉಪಕರಣದಿಂದಲೇ ಕೆಲಸ ಮಾಡುವುದು ಸರಿಯಾದ ಕ್ರಮ.

ಬಿಸಿ ತಾಳದ ಉಪಕರಣಗಳನ್ನು ಮುಳುಗಿಸಿಡುವ ಗ್ಲುಟಾರಾಲ್ಡಿಹೈಡ್ ದ್ರವವೂ ಸಾಮಾನ್ಯವಲ್ಲ. ಅದರ ಘಾಟು ಕಣ್ಣು, ಗಂಟಲು ಉರಿಸುತ್ತದೆ. ದೀರ್ಘಕಾಲ ಉಸಿರಾಡಿದರೆ ಅಸ್ತಮಾಕ್ಕೆ ಕಾರಣವಾಗಬಹುದು. ಮುಚ್ಚಳವಿಲ್ಲದ ಟ್ರೇಯಲ್ಲಿ ಅದನ್ನು ಮೂಲೆಯಲ್ಲಿಟ್ಟು ಅಲ್ಲೇ ಪಕ್ಕದಲ್ಲಿ ಸಹಾಯಕಿ ಊಟಕ್ಕೆ ಕೂರುವುದು ಖಂಡಿತ ಸಲ್ಲದು.

ಕಾನೂನು ತಲೆ ಎಣಿಸುತ್ತದೆ

ಹಾಗಾದರೆ ಕಾನೂನು ಏನು ಮಾಡುತ್ತಿದೆ ಎಂಬ ಪ್ರಶ್ನೆ ಸಹಜ. ಪಾದರಸದ ವಿಷಬಾಧೆ ಮತ್ತು ಸಿಲಿಕೋಸಿಸ್ ಎರಡೂ ನಮ್ಮ ದೇಶದಲ್ಲಿ ವೃತ್ತಿರೋಗಗಳೆಂದು ಹಿಂದಿನಿಂದಲೂ ಗುರುತಿಸಲ್ಪಟ್ಟಿವೆ. 1948ರ ಕಾರ್ಖಾನೆಗಳ ಕಾಯ್ದೆಯ ಪಟ್ಟಿಯಲ್ಲಿ ಇವೆರಡೂ ಇದ್ದವು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯ ಪಟ್ಟಿಯಲ್ಲೂ ಇವೆ. ಕಾಯಿಲೆಯ ಹೆಸರು ಕಾನೂನಿಗೆ ಗೊತ್ತು. ಕಾಯಿಲೆ ಬಿದ್ದವಳ ಕೆಲಸದ ಸ್ಥಳ ಮಾತ್ರ ಅದರ ಕಣ್ಣಿಗೆ ಬೀಳುವುದಿಲ್ಲ.

ಏಕೆಂದರೆ ಹೊಸ ಸಂಹಿತೆ ಸಾಮಾನ್ಯವಾಗಿ ಅನ್ವಯವಾಗುವುದು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸ್ಥಳಗಳಿಗೆ. ಇ.ಎಸ್.ಐ. ಸೌಲಭ್ಯಕ್ಕೂ ಸಾಮಾನ್ಯವಾಗಿ ಹತ್ತು ಮಂದಿಯ ಮಿತಿಯೇ. ಒಬ್ಬ ಡಾಕ್ಟರು, ಇಬ್ಬರು ಸಹಾಯಕಿಯರು ಇರುವ ಚಿಕಿತ್ಸಾಲಯ ಈ ಲೆಕ್ಕಕ್ಕೆ ಸಿಗುವುದಿಲ್ಲ. ಮೂವರು ಕೂತು ಹಲ್ಲು ಉಜ್ಜುವ ಲ್ಯಾಬೂ ಸಿಗುವುದಿಲ್ಲ. ಪಾದರಸ ಮಾತ್ರ ಕೋಣೆಯಲ್ಲಿ ಎಷ್ಟು ಜನರಿದ್ದಾರೆ ಎಂದು ಎಣಿಸಿ ಆವಿಯಾಗುವುದಿಲ್ಲ. ಸಣ್ಣ ಕೋಣೆಯಾದಷ್ಟೂ, ಗಾಳಿ ಕಡಿಮೆಯಾದಷ್ಟೂ ಅಪಾಯ ಹೆಚ್ಚೇ. ಅಪಾಯ ಹೆಚ್ಚಿರುವಲ್ಲೇ ಕಾನೂನಿನ ಕೈ ಮೊಟಕಾಗಿರುವುದು ವಿಪರ್ಯಾಸ.

ವೃತ್ತಿಯ ಕಾಯ್ದೆಯೂ ಸಹಾಯಕಿಯನ್ನು ಮರೆತಿತ್ತು. 1948ರ ದಂತವೈದ್ಯರ ಕಾಯ್ದೆ ದಂತವೈದ್ಯ, ಡೆಂಟಲ್ ಹೈಜಿನಿಸ್ಟ್, ಡೆಂಟಲ್ ಮೆಕ್ಯಾನಿಕ್ ಎಂಬ ಮೂರು ವರ್ಗಗಳ ನೋಂದಣಿಗೆ ವ್ಯವಸ್ಥೆ ಮಾಡಿತು. ಕುರ್ಚಿಯ ಪಕ್ಕದಲ್ಲಿ ನಿಂತವಳಿಗೆ ಅದರಲ್ಲಿ ಜಾಗವಿರಲಿಲ್ಲ. ನೋಂದಣಿಯಿಲ್ಲದವಳಿಗೆ ನಿಗದಿತ ತರಬೇತಿಯಿಲ್ಲ. ತರಬೇತಿಯಿಲ್ಲದವಳಿಗೆ ತಾನು ಬರಿಗೈಯಲ್ಲಿ ಒರೆಸುತ್ತಿರುವುದು ಏನೆಂದು ತಿಳಿಯುವುದು ಹೇಗೆ?

ದೊಡ್ಡ ಕಾರ್ಖಾನೆಯ ಕಾರ್ಮಿಕರಿಗೇ ನ್ಯಾಯ ಸುಲಭವಾಗಿ ಸಿಕ್ಕಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಕೊಡೈಕನಾಲ್‌ನ ಪಾದರಸದ ಥರ್ಮಾಮೀಟರ್ ಕಾರ್ಖಾನೆ ಮುಚ್ಚಿದ್ದು 2001ರಲ್ಲಿ. ಅಲ್ಲಿ ದುಡಿದಿದ್ದ 591 ಮಂದಿಗೂ ಹಿಂದೂಸ್ತಾನ್ ಯೂನಿಲಿವರ್ ಕಂಪನಿಗೂ ಒಪ್ಪಂದವಾದದ್ದು 2016ರಲ್ಲಿ. ಕಂಪನಿ ಅದನ್ನು ಮಾನವೀಯ ನೆಲೆಯ ನೆರವೆಂದು ಕರೆಯಿತು. ಒಗ್ಗಟ್ಟಿದ್ದ, ಸಂಘವಿದ್ದ, ದೇಶವೇ ಗಮನಿಸಿದ ನೂರಾರು ಕಾರ್ಮಿಕರಿಗೆ ಹದಿನೈದು ವರ್ಷ ಹಿಡಿಯಿತು. ಊರಿಗೊಬ್ಬಳು, ಬೀದಿಗೊಬ್ಬಳಾಗಿ ಚದುರಿರುವ ಸಹಾಯಕಿ ಯಾರ ಬಾಗಿಲು ತಟ್ಟಬೇಕು?

ಕೈಗೆಟಕುವ ಒಂದು ನಿಯಮ

ಹಾಗೆಂದು ನಿರಾಶೆಪಡಬೇಕಾಗಿಲ್ಲ. ತಲೆ ಎಣಿಸದ ಕಾನೂನೂ ಒಂದಿದೆ. ಅದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು. ಕಸದ ನಿಯಮವೆಂದು ಬಹುಮಂದಿ ಅದನ್ನು ಓದುವುದೇ ಇಲ್ಲ. ಆದರೆ ಅದರ ನಾಲ್ಕನೆಯ ನಿಯಮದಲ್ಲಿ ಸಿಬ್ಬಂದಿಯ ಹಿತಕ್ಕೆ ಸಂಬಂಧಿಸಿದ ಕರ್ತವ್ಯಗಳನ್ನು ಸ್ಪಷ್ಟವಾಗಿ ಹೇಳಲಾಗಿದೆ. ಆರೋಗ್ಯ ಸಿಬ್ಬಂದಿಗೂ ತ್ಯಾಜ್ಯ ನಿರ್ವಹಿಸುವ ಇತರರಿಗೂ ಕೆಲಸಕ್ಕೆ ಸೇರುವಾಗ ಮತ್ತು ಆಮೇಲೆ ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸಬೇಕು, ಅದರ ದಾಖಲೆ ಇಡಬೇಕು. ತರಬೇತಿ ಕೊಡಬೇಕು. ರಕ್ಷಣಾ ಸಾಧನ ಒದಗಿಸಬೇಕು. ಹೆಪಟೈಟಿಸ್-ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು.

ಈ ನಿಯಮ ನೂರು ಹಾಸಿಗೆಯ ಆಸ್ಪತ್ರೆಗೆ ಹೇಗೋ ಒಂದೇ ಕುರ್ಚಿಯ ದಂತ ಚಿಕಿತ್ಸಾಲಯಕ್ಕೂ ಹಾಗೆಯೇ ಅನ್ವಯಿಸುತ್ತದೆ. ಇನ್ನೂ ಒಂದು ವಿಷಯ ಚರ್ಚುಗಳಲ್ಲಿ ಸೇವೆ ಮಾಡುವವರಿಗೆ ನೇರವಾಗಿ ಸಂಬಂಧಿಸಿದೆ. ಆರೋಗ್ಯ ಶಿಬಿರಗಳೂ ಈ ನಿಯಮದ ವ್ಯಾಪ್ತಿಗೆ ಬರುತ್ತವೆ. ಅಂದರೆ ಚರ್ಚ್ ಹಾಲ್‌ನಲ್ಲಿ ನಾವು ನಡೆಸುವ ಉಚಿತ ದಂತ ತಪಾಸಣಾ ಶಿಬಿರವೂ ಇದರೊಳಗೇ ಇದೆ.

ತ್ಯಾಜ್ಯದ ಮಾತಿಗೂ ಕೆಲಸಗಾರರ ಆರೋಗ್ಯಕ್ಕೂ ನಂಟಿದೆ. ಅಮಾಲ್ಗಮ್ ಚೂರುಗಳನ್ನು, ಅಮಾಲ್ಗಮ್ ಇರುವ ಕಿತ್ತ ಹಲ್ಲುಗಳನ್ನು ಸುಡುವ ಕಸದ ಚೀಲಕ್ಕೆ ಹಾಕಿದರೆ ಪಾದರಸ ಹೊಗೆಯಾಗಿ ಆಕಾಶ ಸೇರುತ್ತದೆ. ತೊಟ್ಟಿಯಲ್ಲಿ ತೊಳೆದುಬಿಟ್ಟರೆ ಚರಂಡಿ, ಹೊಳೆ, ಕೊನೆಗೆ ಸಮುದ್ರ ಸೇರುತ್ತದೆ. ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವೆಂಬ ಇನ್ನೂ ಅಪಾಯಕಾರಿ ರೂಪಕ್ಕೆ ತಿರುಗಿಸುತ್ತವೆ. ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ದೊಡ್ಡ ಮೀನಿನಿಂದ ನಮ್ಮ ಬಟ್ಟಲಿಗೆ ಬರುತ್ತದೆ. ಜಪಾನಿನ ಮಿನಮಾಟ ಕೊಲ್ಲಿಯಲ್ಲಿ ಕಾರ್ಖಾನೆಯೊಂದು ಹೊರಬಿಟ್ಟ ಮೀಥೈಲ್ ಪಾದರಸ ಮೀನಿನ ಮೂಲಕ ಬೆಸ್ತರ ಕುಟುಂಬಗಳನ್ನು ಹೇಗೆ ಹಾಳುಗೆಡವಿತು ಎಂಬುದು 1956ರಲ್ಲಿ ಬೆಳಕಿಗೆ ಬಂತು. ಒಪ್ಪಂದಕ್ಕೆ ಆ ಊರಿನ ಹೆಸರಿಟ್ಟದ್ದು ಅದೇ ಕಾರಣಕ್ಕೆ. 2013ರಲ್ಲಿ ಅಂಗೀಕಾರವಾದ ಆ ಒಪ್ಪಂದವನ್ನು ಭಾರತ 2018ರ ಜೂನ್‌ನಲ್ಲಿ ಸ್ಥಿರೀಕರಿಸಿತು. ಮೀನು ಇಲ್ಲದೆ ಊಟ ಸೇರದ ಕರಾವಳಿಯವರಾದ ನಾವು ಇದನ್ನು ಬೇರೆಯವರ ಚಿಂತೆ ಎನ್ನಲಾಗದು.

ಅಮೆರಿಕದಲ್ಲಿ 2017ರ ನಿಯಮದ ಪ್ರಕಾರ ಅಮಾಲ್ಗಮ್ ಹಾಕುವ ಅಥವಾ ತೆಗೆಯುವ ಹೆಚ್ಚಿನ ಚಿಕಿತ್ಸಾಲಯಗಳು ಕೊಳಚೆ ನೀರಿನಿಂದ ಅದನ್ನು ಬೇರ್ಪಡಿಸುವ ಸಾಧನ ಅಳವಡಿಸಬೇಕು. ಯುರೋಪ್ ಒಕ್ಕೂಟ 2018ರಲ್ಲಿ 15 ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ, 2025ರ ಜನವರಿಯಿಂದ ಬಹುತೇಕ ಎಲ್ಲರಿಗೂ ಅಮಾಲ್ಗಮ್ ಬಳಕೆ ನಿಲ್ಲಿಸಿತು. ಅಂದರೆ ದಾರಿ ಗೊತ್ತಿಲ್ಲವೆಂದಲ್ಲ. ನಡೆಯುವ ಮನಸ್ಸು ಬೇಕು.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಚಿಕಿತ್ಸಾಲಯ ನಡೆಸುವವರು. ಬಾಟಲಿ ಪಾದರಸವನ್ನು ಇಂದೇ ಬಿಡಬೇಕು. ಅಮಾಲ್ಗಮ್ ಬೇಕೇ ಬೇಕೆಂದಾದರೆ ಮುಚ್ಚಿದ ಕ್ಯಾಪ್ಸೂಲ್ ಮಾತ್ರ ಬಳಸಬೇಕು. ಹಳೆಯದನ್ನು ತೆಗೆಯುವಾಗ ಧಾರಾಳ ನೀರು ಬಿಡಬೇಕು, ಬಲವಾದ ಸಕ್ಷನ್ ಇರಬೇಕು, ಕಿಟಕಿ ತೆರೆದಿರಬೇಕು. ಚೂರುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೆಸರು ಬರೆದು ಬೇರೆಯೇ ಇಡಬೇಕು. ಅಮಾಲ್ಗಮ್ ಅಂಟಿದ ಉಪಕರಣವನ್ನು ಒರೆಸದೆ ಆಟೋಕ್ಲೇವ್‌ಗೆ ಹಾಕಬಾರದು. ಬಿಸಿಗೆ ಪಾದರಸ ಆವಿಯಾಗುತ್ತದೆ.

ಎರಡನೆಯದಾಗಿ, ಸಹಾಯಕಿಯರು. ಪಾದರಸ ಚೆಲ್ಲಿದರೆ ಪೊರಕೆಯಿಂದ ಗುಡಿಸಬೇಡಿ. ಒಂದು ಹನಿ ನೂರಾಗಿ ಹರಡುತ್ತದೆ. ವ್ಯಾಕ್ಯೂಮ್ ಕ್ಲೀನರ್ ಹಚ್ಚಬೇಡಿ. ಅದು ಆವಿಯನ್ನು ಕೋಣೆಗೆಲ್ಲ ಊದುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಚಿನ್ನದ ಉಂಗುರ, ಬಳೆ ತೆಗೆದಿಡಿ. ಗ್ಲೌಸ್ ಹಾಕಿ, ಗಟ್ಟಿ ಕಾಗದದ ಎರಡು ತುಂಡುಗಳಿಂದ ಹನಿಗಳನ್ನು ಒಟ್ಟುಗೂಡಿಸಿ, ಡ್ರಾಪರ್‌ನಿಂದ ಎತ್ತಿ ಮುಚ್ಚಳದ ಡಬ್ಬಿಗೆ ಹಾಕಿ. ಕಿಟಕಿ ತೆರೆಯಿರಿ. ಕೆಲಸದ ಕೋಣೆಯಲ್ಲಿ ಊಟ ಮಾಡಬೇಡಿ. ಕೆಲಸದ ಏಪ್ರನ್ ಮನೆಗೆ ಒಯ್ದು ಮಕ್ಕಳ ಬಟ್ಟೆಯೊಂದಿಗೆ ಒಗೆಯಬೇಡಿ. ಗರ್ಭಿಣಿಯಾದರೆ ನಾಚಿಕೆಪಡದೆ ಕೂಡಲೇ ಡಾಕ್ಟರರಿಗೆ ತಿಳಿಸಿ, ಪಾದರಸದ ಕೆಲಸದಿಂದ ದೂರವಿರಿ. ನಡುಕ, ಮರೆವು, ನಿಲ್ಲದ ಒಣಕೆಮ್ಮು, ಬೆರಳಿನ ತುರಿಕೆ ಕಂಡರೆ ವೈದ್ಯರ ಬಳಿ ಹೋದಾಗ 'ನಾನು ಹಲ್ಲಿನ ಕ್ಲಿನಿಕ್ಕಿನಲ್ಲಿ ಇಷ್ಟು ವರ್ಷದಿಂದ ಕೆಲಸ ಮಾಡುತ್ತೇನೆ' ಎಂದು ತಪ್ಪದೆ ಹೇಳಿ. ದೇಹ ಸೇರಿದ ಪಾದರಸವನ್ನು ಮೂತ್ರ ಪರೀಕ್ಷೆಯಿಂದ ಅಳೆಯಬಹುದು.

ಮೂರನೆಯದಾಗಿ, ಲ್ಯಾಬಿನವರು. ಧೂಳು ಏಳುವ ಜಾಗದಲ್ಲೇ ಅದನ್ನು ಎಳೆದುಕೊಳ್ಳುವ ಸಕ್ಷನ್ ಮೇಜು ದುಬಾರಿಯೆನಿಸಬಹುದು. ಶ್ವಾಸಕೋಶ ಅದಕ್ಕಿಂತ ದುಬಾರಿ. ಸಾಧ್ಯವಾದಲ್ಲೆಲ್ಲ ಒದ್ದೆ ಮಾಡಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಹಾಕಿ. ಬೆರಿಲಿಯಂ ಇಲ್ಲದ ಮಿಶ್ರಲೋಹವನ್ನೇ ಕೇಳಿ ತರಿಸಿ.

ನಾಲ್ಕನೆಯದಾಗಿ, ಸರಕಾರ. ಖಾಸಗಿ ಚಿಕಿತ್ಸಾಲಯಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯನ್ನೂ ಪಡೆಯಬೇಕು. ಈ ಎರಡು ಕಡೆಗಳಲ್ಲಿ ಸಿಬ್ಬಂದಿಯ ವಾರ್ಷಿಕ ತಪಾಸಣೆಯ ದಾಖಲೆಯನ್ನು ಕಟ್ಟುನಿಟ್ಟಾಗಿ ಕೇಳಿದರೆ ಹೊಸ ಕಾನೂನಿಲ್ಲದೆಯೇ ಬಹಳಷ್ಟು ಸುಧಾರಿಸುತ್ತದೆ. ಆದರೆ ಲ್ಯಾಬಿನ ಧೂಳು ಕಸದ ನಿಯಮದ ಕೈಗೆ ಸಿಗುವಂಥದ್ದಲ್ಲ. ಅದಕ್ಕೆ ಹತ್ತು ಮಂದಿಯ ಮಿತಿಯನ್ನು ಬದಿಗಿಟ್ಟು, ಅಪಾಯದ ಕೆಲಸ ಎಲ್ಲಿದೆಯೋ ಅಲ್ಲಿ ಒಬ್ಬನೇ ಕೆಲಸಗಾರನಿದ್ದರೂ ರಕ್ಷಣೆ ಸಿಗುವಂತೆ ಮಾಡಬೇಕು.

ಕೊನೆಯದಾಗಿ, ನಮ್ಮ ಚರ್ಚುಗಳು ಮತ್ತು ಸಂಸ್ಥೆಗಳು. ಮುಂದಿನ ದಂತ ಶಿಬಿರ ಆಯೋಜಿಸುವಾಗ ಎಷ್ಟು ಮಂದಿಯ ಹಲ್ಲು ನೋಡಿದೆವು ಎಂಬ ಲೆಕ್ಕದೊಂದಿಗೆ, ಅಲ್ಲಿ ದುಡಿದವರಿಗೆ ಗ್ಲೌಸ್, ಮಾಸ್ಕ್, ಗಾಳಿ ಬರುವ ಕೋಣೆ ಕೊಟ್ಟೆವೇ, ಕಸ ಎಲ್ಲಿಗೆ ಹೋಯಿತು ಎಂಬ ಲೆಕ್ಕವನ್ನೂ ಇಡೋಣ. ನಮ್ಮ ಸಂಸ್ಥೆಗಳ ದಂತ ವಿಭಾಗಗಳಲ್ಲಿ ನಾಲ್ಕನೆಯ ನಿಯಮ ಪಾಲನೆಯಾಗುತ್ತಿದೆಯೇ ಎಂದು ಮೊದಲು ನಾವೇ ನೋಡಿಕೊಳ್ಳೋಣ. ವಾರ್ಡಿನ ಗುರಿಕಾರರು ತಮ್ಮ ವಾರ್ಡಿನಲ್ಲಿ ಇಂಥ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು, ಯುವಕರು ಯಾರೆಂದು ತಿಳಿದುಕೊಂಡು, ವರ್ಷಕ್ಕೊಮ್ಮೆ ಅವರನ್ನು ಸೇರಿಸಿ ಒಬ್ಬ ವೈದ್ಯರಿಂದ ಒಂದು ಗಂಟೆ ಮಾಹಿತಿ ಕೊಡಿಸಿದರೆ ಅದಕ್ಕೆ ದೊಡ್ಡ ಖರ್ಚಿಲ್ಲ.

ಇಂದು ಕೆಲಸದಲ್ಲಿರುವವರು 2034ರ ತನಕ ಉಸಿರು ಹಿಡಿದು ಕಾಯಲಾರರು. ಮುಂದಿನ ಬಾರಿ ಹಲ್ಲಿನ ಡಾಕ್ಟರರ ಬಳಿ ಹೋದಾಗ ನಾವು ಬಾಯಿ ತೆರೆಯುವ ಮುನ್ನ ಒಂದು ಮಾತು ಕೇಳೋಣ: 'ಡಾಕ್ಟ್ರೇ, ಇಲ್ಲಿ ಕೆಲಸ ಮಾಡುವವರ ಆರೋಗ್ಯ ತಪಾಸಣೆ ಈ ವರ್ಷ ಆಯಿತೇ?' ಹತ್ತು ಮಂದಿ ರೋಗಿಗಳು ಈ ಪ್ರಶ್ನೆ ಕೇಳಿದರೆ ಹನ್ನೊಂದನೆಯವರು ಬರುವ ಮುಂಚೆ ತಪಾಸಣೆ ಆಗಿರುತ್ತದೆ ಎಂಬ ನಂಬಿಕೆ ನಮ್ಮದು.